ಚಿತ್ರಕಥೆಗೆ ಸ್ವಂತ ಮುಖ ಬೇಕು

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಸಾಗುವ ಹೆದ್ದಾರಿಯ ಮೇಲಿರುವ ಆನಗೋಡಿನಲ್ಲಿ, ಬೆಳಗಿನ ಹೊತ್ತು ಶಾಲೆಗೆ ಹೊರಟ ಮಕ್ಕಳ ಬೆನ್ನ ಮೇಲಣ ಚೀಲಗಳನ್ನು ವಾಚಕರು ಒಮ್ಮೆ ನಿಂತು ನೋಡಬೇಕು. ಒಂದು ಚೀಲದ ಮೇಲೆ ಅಮೆರಿಕೆಯ ಸ್ಪೈಡರ್‌ಮ್ಯಾನನು ಗೋಡೆ ಹತ್ತುತ್ತಿರುವನು. ಇನ್ನೊಂದರ ಮೇಲೆ ಜಪಾನಿನ ನೀಲಿ ಬೆಕ್ಕಾದ ಡೋರೇಮಾನ್ ಬಾಯ್ತೆರೆದು ನಗುತ್ತಿರುವುದು. ಮತ್ತೊಂದರ ಮೇಲೆ ನೆರೆಯ ಹೈದರಾಬಾದಿನಲ್ಲಿ ರೂಪುಗೊಂಡು 2008ರಿಂದ ಮಕ್ಕಳ ಮನಸ್ಸನ್ನು ಗೆದ್ದಿರುವ ಛೋಟಾ ಭೀಮನು ಎದೆಯುಬ್ಬಿಸಿ ನಿಂತಿರುವನು. ಈ ಮೂವರೂ ನಮ್ಮ ಮಕ್ಕಳಿಗೆ ಪ್ರಿಯರು. ಆ ಪ್ರೀತಿಯಲ್ಲಿ ನಾವು ದೋಷವನ್ನೆಣಿಸುವುದಿಲ್ಲ. ಆದರೆ ಕನ್ನಡಿಗನೊಬ್ಬನ ಕೈ ಬರೆದ, ಕನ್ನಡದ ಹೆಸರನ್ನು ಹೊತ್ತ, ಕನ್ನಡದಲ್ಲಿಯೇ ಜಗಳವಾಡಿ ಕನ್ನಡದಲ್ಲಿಯೇ ರಾಜಿಯಾಗುವ ಒಂದು ಮುಖವನ್ನು ಆ ಚೀಲಗಳ ಸಾಲಿನಲ್ಲಿ ಹುಡುಕಿದರೆ ಸಿಕ್ಕುವುದು ದುರ್ಲಭವು. ಕೋಟ್ಯಂತರ ಜನರು ಆಡುವ ನುಡಿಯೊಂದಕ್ಕೆ ಮಕ್ಕಳ ಚೀಲದ ಮೇಲೆ ಅಂಟಿಸಲು ತನ್ನದೇ ಒಂದು ಮುಖವಿಲ್ಲವೆಂಬುದು ಸಣ್ಣ ಸಂಗತಿಯೇ?

ಮಳೆ ಬೆಳೆಗಳ ಚಿಂತೆ, ಮೆಕ್ಕೆಜೋಳದ ದರದ ಚಿಂತೆ, ಓದಿದ ಹುಡುಗರ ನೌಕರಿಯ ಚಿಂತೆ ಇರುವಾಗ ಪತ್ರಿಕೆಯ ಅಗ್ರಸ್ಥಾನದಲ್ಲಿ ಈ ಮಕ್ಕಳಾಟಿಕೆಯ ವಿಷಯವೇಕೆಂದು ಕೆಲವರು ಕೇಳಬಹುದು. ಅವರಿಗೆ ನಮ್ಮ ಉತ್ತರವಿಷ್ಟೆ. ಮಗುವು ಅಕ್ಷರವನ್ನು ಓದುವುದಕ್ಕೆ ಮೊದಲು ಚಿತ್ರವನ್ನು ಓದುತ್ತದೆ. ಚಿತ್ರದ ಬಾಯಿಂದ ಹೊರಟ ಮಾತನ್ನು ತಿಳಿಯಬೇಕೆಂಬ ಆಸೆಯಿಂದಲೇ ಎಷ್ಟೋ ಮಕ್ಕಳು ಅಕ್ಷರಗಳನ್ನು ಕೂಡಿಸಿ ಓದಲು ಕಲಿಯುತ್ತಾರೆ. ಆ ಮಾತು ಕನ್ನಡದ್ದಾಗಿದ್ದರೆ ಮಗುವಿಗೆ ಕನ್ನಡದ ಓದು ಆಟದ ಜೊತೆಯಲ್ಲಿಯೇ ಬರುವುದು. ಆಗಿರದಿದ್ದರೆ ಕನ್ನಡವು ಪಾಠಪುಸ್ತಕದಲ್ಲಿ ಮಾತ್ರ ಇರುವ, ಪರೀಕ್ಷೆ ಮುಗಿದ ಮರುದಿನ ಮುಚ್ಚಿಡತಕ್ಕ ಭಾಷೆಯೆಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರುವುದು. ಇದು ಮೊದಲನೆಯ ಮಾತು. ಎರಡನೆಯದು ಅನ್ನದ ಮಾತು. ಒಂದು ಪಾತ್ರವು ಜನಪ್ರಿಯವಾದರೆ ಪುಸ್ತಕ, ಬೊಂಬೆ, ಚಲನಚಿತ್ರ, ನೋಟುಬುಕ್ಕು, ಬಿಸ್ಕತ್ತಿನ ಪೊಟ್ಟಣ ಮೊದಲಾದ ಹತ್ತಾರು ದಾರಿಗಳಿಂದ ಹಣ ಹರಿದು ಬರುವುದು. ಆ ಹಣವು ಇಂದು ನಮ್ಮ ಮಕ್ಕಳ ಕೈಯಿಂದ ಹೊರಟು ಬಹುಮಟ್ಟಿಗೆ ಹೊರಗೇ ಹೋಗುತ್ತಿದೆ. ಓದಿದ ಹುಡುಗರ ನೌಕರಿಯ ಚಿಂತೆಯುಳ್ಳವರು ಈ ವಿಷಯವನ್ನು ಮಕ್ಕಳಾಟಿಕೆಯೆಂದು ತಳ್ಳಿಹಾಕುವುದು ವಿಹಿತವಲ್ಲ.

ಈ ಕೊರತೆಗೆ ಕನ್ನಡಿಗರಲ್ಲಿ ಪ್ರತಿಭೆಯಿಲ್ಲದಿರುವುದೇ ಕಾರಣವೆಂದು ಹೇಳಿದರೆ ಅದು ಶುದ್ಧ ಅಪವಾದವಾದೀತು. ಭಾರತದ ಪತ್ರಿಕಾಲೋಕದಲ್ಲಿ ಅತ್ಯಂತ ಪ್ರಖ್ಯಾತನಾದ ಚಿತ್ರಪಾತ್ರವು ಮೈಸೂರಿನವರೊಬ್ಬರ ಕೈಯಿಂದ ಹುಟ್ಟಿದ್ದಲ್ಲವೇ? 1921ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರಿಗೆ ಮುಂಬಯಿಯ ಜೆ. ಜೆ. ಕಲಾಶಾಲೆಯು ಪ್ರವೇಶವನ್ನು ಕೊಡಲಿಲ್ಲ. ಅವರು ಮಹಾರಾಜ ಕಾಲೇಜಿನಲ್ಲಿ ಓದಿದರು. ‘ರಾಶಿ’ಯವರೆಂದು ಹೆಸರಾದ ಡಾಕ್ಟರ್ ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರಗಳನ್ನು ಬರೆದುಕೊಟ್ಟರು. ಮುಂದೆ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ 1951ರಿಂದ ‘ಶ್ರೀಸಾಮಾನ್ಯ’ನನ್ನು ದಿನದಿನವೂ ನಿಲ್ಲಿಸಿದರು. ಬೋಳುತಲೆ, ದಪ್ಪ ಮೀಸೆ, ಕನ್ನಡಕ, ಚೌಕಳಿಯ ಅಂಗಿ, ಧೋತರ! ಅವನು ಮಾತನಾಡುವುದಿಲ್ಲ, ನೋಡುತ್ತಾನೆ. ಮಂತ್ರಿಗಳು ಭಾಷಣ ಮಾಡಿದರು, ಮಂತ್ರಿಗಳು ಬದಲಾದರು. ಇವನು ಮಾತ್ರ ಅರ್ಧಶತಮಾನಕ್ಕೂ ಮೀರಿ ಅದೇ ಅಂಗಿಯಲ್ಲಿ ಅದೇ ಬೆರಗಿನಲ್ಲಿ ನಿಂತಿದ್ದನು. 2001ರಲ್ಲಿ ಪುಣೆಯಲ್ಲಿ ಅವನಿಗೆ ಪ್ರತಿಮೆಯೂ ಆಯಿತು.

ಈ ಶ್ರೀಸಾಮಾನ್ಯನು ಹುಟ್ಟಿದ ಬಗೆಯು ಚಿತ್ರಕಥೆಯ ಉಮೇದುವಾರರೆಲ್ಲರೂ ಮನನ ಮಾಡತಕ್ಕದ್ದಾಗಿದೆ. ಭಾರತದ ಜನರನ್ನು ತೋರಿಸಬೇಕೆಂದು ಲಕ್ಷ್ಮಣರು ಮೊದಮೊದಲು ಬಂಗಾಳಿ, ತಮಿಳ, ಪಂಜಾಬಿ ಎಂದು ನಾನಾ ಪ್ರಾಂತಗಳ ಜನರನ್ನು ಚಿತ್ರದೊಳಗೆ ತುಂಬುತ್ತಿದ್ದರು. ಪತ್ರಿಕೆಯ ಗಡುವು ಕಾಯುವುದಿಲ್ಲ. ಗುಂಪನ್ನು ಬರೆಯಲು ವೇಳೆ ಸಾಲದೆ ಒಬ್ಬೊಬ್ಬರನ್ನಾಗಿ ಬಿಡುತ್ತ ಬಿಡುತ್ತ ಕೊನೆಗೆ ಉಳಿದವನೇ ಈ ಒಬ್ಬ ಮುದುಕನು. ಆದುದರಿಂದ ಪಾತ್ರನಿರ್ಮಾಣವೆಂದರೆ ಮೇಲೆ ಮೇಲೆ ಅಲಂಕಾರವನ್ನು ಹೇರುವ ಕೆಲಸವೆಂದು ಯಾರೂ ಭ್ರಮಿಸಬಾರದು. ಯಾವ ಗೆರೆಯನ್ನು ತೆಗೆದರೆ ಮನುಷ್ಯನೇ ಮಾಯವಾಗುವನೋ ಆ ಗೆರೆಯೊಂದನ್ನು ಬಿಟ್ಟು ಉಳಿದುದನ್ನೆಲ್ಲ ಕಳೆಯುವ ವಿವೇಕವೇ ಅದರ ಜೀವಾಳವು.

ಚಿತ್ರಕಥೆಯ ಪುಸ್ತಕಗಳ ಚರಿತ್ರೆಯಲ್ಲಿಯೂ ಕನ್ನಡದ ಪಾತ್ರ ಅಲ್ಪವಲ್ಲ. ಭಾರತದ ಮನೆಮನೆಗೂ ತಲಪಿದ ‘ಅಮರ ಚಿತ್ರ ಕಥೆ’ಯನ್ನು ಬೆಳೆಸಿದ ಅನಂತ ಪೈಗಳು 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲೆಯ ಬೀಜವು ಮೊಳೆತದ್ದು 1965ರಲ್ಲಿ ಬೆಂಗಳೂರಿನಲ್ಲಿ, ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಂ ಅವರ ಪ್ರಯತ್ನದಿಂದ. ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿಯೇ. ಪೈಗಳ ಹಸ್ತದಿಂದ ಬಂದ ‘ಕೃಷ್ಣ’ ಎಂಬ ಪುಸ್ತಕವು ಹನ್ನೊಂದನೆಯದೆಂದು ಎಣಿಕೆಯಾದುದಕ್ಕೆ ಇದೇ ಕಾರಣವು. ಆದರೆ ಆ ಮೊದಲ ಹತ್ತು ಪುಸ್ತಕಗಳಲ್ಲಿ ಇದ್ದುದಾದರೂ ಏನು? ಸಿಂಡರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳು! ಮಾತು ಕನ್ನಡದ್ದಾಗಿದ್ದು ಮುಖ ಮಾತ್ರ ಎರವಲಿನದಾಗಿತ್ತು. ಪೈಗಳು ಆ ಎರವಲನ್ನು ಬಿಟ್ಟು ನಮ್ಮ ಪುರಾಣೇತಿಹಾಸಗಳ ಕಡೆಗೆ ತಿರುಗಿದ ಮೇಲೆಯೇ ಮಾಲೆಯು ದೇಶವ್ಯಾಪಿಯಾಯಿತು. 1980ರಲ್ಲಿ ಅವರೇ ಆರಂಭಿಸಿದ ‘ಟಿಂಕಲ್’ ಪತ್ರಿಕೆಯಲ್ಲಿ ಪುರಾಣದ ಹಂಗೂ ಇಲ್ಲದ ಹೊಸ ಪಾತ್ರಗಳು ಹುಟ್ಟಿದವು. ಹೇಳಿದ ಮಾತನ್ನು ಹೇಳಿದಂತೆಯೇ ಮಾಡಿ ಒಡೆಯನನ್ನು ಪೇಚಿಗೆ ಸಿಕ್ಕಿಸುವ ಸುಪ್ಪಾಂಡಿಯೂ, ಕಣ್ಣು ಕಾಣದಂತೆ ಟೊಪ್ಪಿಗೆಯನ್ನಿಳಿಸಿಕೊಂಡು ಅಂಜುತ್ತಂಜುತ್ತಲೇ ವೀರನೆನಿಸಿಕೊಳ್ಳುವ ಶಿಕಾರಿ ಶಂಭುವೂ ಅಲ್ಲಿಯವರು. ಕಾರ್ಕಳದವರ ಆಶ್ರಯದಲ್ಲಿ ಇಷ್ಟೆಲ್ಲ ಆಯಿತು. ಆದರೆ ಕನ್ನಡ ಪತ್ರಿಕೆಯ ಅಂಗಳದಲ್ಲಿ ಆಗಲಿಲ್ಲ. ನಮ್ಮ ಮೂಲಸಂಕಟವು ಇರುವುದು ಇಲ್ಲಿಯೇ.

ಇನ್ನೂ ಹಿಂದಕ್ಕೆ ಹೋಗಿ ನೋಡೋಣ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಕಲೆಯ ವಿಷಯದಲ್ಲಿ ಪಾಲಿಸಿದಷ್ಟು ನಿಷ್ಠೆಯಿಂದ ಬೇರೆಲ್ಲಿಯೂ ಪಾಲಿಸಿಲ್ಲ. ಬಳ್ಳಾರಿ, ಕೊಪ್ಪಳ ಮೊದಲಾದ ಸೀಮೆಗಳ ತೊಗಲುಗೊಂಬೆಯ ಆಟದಲ್ಲಿ ರಾಮ ರಾವಣರ ನಡುವೆ ನುಗ್ಗಿ ಬರುವ ಕಿಳ್ಳೇಕ್ಯಾತನನ್ನೂ ಅವನ ಹೆಂಡತಿ ಬಂಗಾರಕ್ಕನನ್ನೂ ಬಲ್ಲವರು ಇನ್ನೂ ಇರುವರಷ್ಟೆ. ಗುಂಗುರು ಕೂದಲು, ಡೊಳ್ಳುಹೊಟ್ಟೆ, ಸೊಟ್ಟ ಕೈಕಾಲುಗಳ ಈ ಹಾಸ್ಯಗಾರನು ವಾಲ್ಮೀಕಿಯ ಸೃಷ್ಟಿಯಲ್ಲ. ಗೊಂಬೆಯಾಡಿಸುವವರು ತಮ್ಮ ಊರಿನ ಮನುಷ್ಯನನ್ನು ನೋಡಿ ಹದಮಾಡಿದ ಚರ್ಮದ ಮೇಲೆ ಕೊರೆದ ಸ್ವಂತ ಪಾತ್ರವು. ಪರದೆಯ ಮೇಲೆ ನೆರಳು ಬಿದ್ದೊಡನೆ, ಮಾತು ಕೇಳುವುದಕ್ಕೆ ಮೊದಲೇ, ಜನ ನಗುತ್ತಾರೆ. ಮುಖ್ಯಪಾತ್ರಗಳಿಗೆ ಶಾಂತ, ಕೋಪ ಮುಂತಾದ ಅವಸ್ಥೆಗಳಿಗೆ ತಕ್ಕಂತೆ ಬೇರೆ ಬೇರೆ ಗೊಂಬೆಗಳನ್ನೇ ಮಾಡಿಟ್ಟುಕೊಳ್ಳುವ ರೂಢಿಯೂ ಈ ಕಲೆಯಲ್ಲುಂಟು. ಇಂದಿನ ಚಿತ್ರಕಥೆಗಾರರು ಒಂದೇ ಪಾತ್ರದ ಹಲವು ಭಾವಗಳನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳುವುದು ಇದೇ ಯುಕ್ತಿಯಲ್ಲದೆ ಮತ್ತೇನು? ಕೊಪ್ಪಳ ಜಿಲ್ಲೆಯ ಮೋರನಾಳದ ವೃದ್ಧ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದದ್ದು ಸಂತೋಷದ ಸಂಗತಿಯು. ಆದರೆ ಸನ್ಮಾನದಿಂದ ನಮ್ಮ ಕರ್ತವ್ಯವು ತೀರುವುದಿಲ್ಲ. ಆ ಕಲೆಯ ಒಳಗುಟ್ಟನ್ನು ಹೊಸಬರು ಕಲಿತಾಗಲೇ ಅದು ತೀರುವುದು.

ನಮ್ಮ ಮಗ್ಗುಲಿನ ಹರಿಹರಕ್ಕೆ ಹೋಗಿ ಬರುವವರು ತುಂಗಭದ್ರೆಯ ತೀರದ ಹರಿಹರೇಶ್ವರನನ್ನು ಭಕ್ತಿಯಿಂದ ನೋಡುತ್ತಾರೆ. ಚಿತ್ರ ಕಲಿಯುವವರು ಭಕ್ತಿಯ ಜೊತೆಗೆ ಇನ್ನೊಂದು ಕಣ್ಣಿನಿಂದಲೂ ನೋಡಬೇಕು. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳರ ಕಾಲದಲ್ಲಿ, ಪೋಲಾಳ್ವ ದಂಡನಾಯಕನು ಕಟ್ಟಿಸಿದ ಆ ಗುಡಿಯಲ್ಲಿ ಒಂದೇ ಮೂರ್ತಿಯ ಬಲಭಾಗ ಹರನು, ಎಡಭಾಗ ಹರಿಯು. ಒಂದು ಕಡೆ ತ್ರಿಶೂಲ, ಇನ್ನೊಂದು ಕಡೆ ಶಂಖಚಕ್ರ. ಓದುಬರಹವಿಲ್ಲದ ಒಕ್ಕಲಿಗನೂ ಒಂದು ಕ್ಷಣದಲ್ಲಿ ಯಾವುದು ಯಾರೆಂದು ತಿಳಿಯುವನು. ಗುರುತಿಗೆ ಬೇಕಾದ ಲಕ್ಷಣಗಳನ್ನು ಮಾತ್ರ ಆಯ್ದು, ಎರಡು ವಿರುದ್ಧ ಸ್ವಭಾವಗಳನ್ನು ಒಂದೇ ದೇಹದಲ್ಲಿ ನಿಲ್ಲಿಸುವ ಈ ಜಾಣ್ಮೆಗಿಂತ ದೊಡ್ಡ ಪಾಠವನ್ನು ಯಾವ ಕಲಾಶಾಲೆಯು ಕಲಿಸೀತು? ನಮ್ಮ ಶಿಲ್ಪಿಗಳು ಮುಖದ ಉದ್ದವನ್ನು ಒಂದು ‘ತಾಲ’ವೆಂದಿಟ್ಟುಕೊಂಡು ದೇವತೆಗೆ ಒಂಬತ್ತು ಹತ್ತು ತಾಲ, ಡೊಳ್ಳುಹೊಟ್ಟೆಯ ಗಣಪತಿಗೆ ಐದು ತಾಲ ಎಂದು ಅಳತೆಯನ್ನು ಗೊತ್ತುಮಾಡಿದ್ದರು. ಇಂದಿನ ಚಿತ್ರಕಥೆಗಾರರು ಬಲಶಾಲಿಯಾದ ನಾಯಕನನ್ನು ಎಂಟು ಒಂಬತ್ತು ತಲೆಗಳ ಎತ್ತರಕ್ಕೂ ಮುದ್ದುಮಗುವನ್ನು ಮೂರು ನಾಲ್ಕು ತಲೆಗಳ ಎತ್ತರಕ್ಕೂ ಬರೆಯುವರು. ತಲೆ ದೊಡ್ಡದಾದಷ್ಟೂ ಮುದ್ದು, ಚಿಕ್ಕದಾದಷ್ಟೂ ಗಾಂಭೀರ್ಯ. ಹೊಸದೆಂದು ನಾವು ಹೊರಗಿನಿಂದ ತರುತ್ತಿರುವ ವಿದ್ಯೆಯ ಅರ್ಧಭಾಗವು ನಮ್ಮ ಗುಡಿಯ ಕಂಬಗಳಲ್ಲಿಯೇ ಇರುವುದೆಂಬುದನ್ನು ಮರೆಯಬಾರದು.

ಹಾಗಾದರೆ ಹೊಸ ಪಾತ್ರವೊಂದನ್ನು ಸೃಷ್ಟಿಸಬೇಕೆಂಬ ಯುವಕನೂ ಯುವತಿಯೂ ಎಲ್ಲಿಂದ ಆರಂಭಿಸತಕ್ಕದ್ದು? ಕಾಗದದಿಂದಲ್ಲ, ಕಣ್ಣಿನಿಂದ ಎಂದು ನಾವು ಹೇಳುವೆವು. ಆನಗೋಡಿನ ಕಿರು ಮೃಗಾಲಯಕ್ಕೆ ಹೋಗಿ ಒಂದು ದಿನವೆಲ್ಲ ಕುಳಿತುಕೊಳ್ಳಲಿ. ಪಂಜರದೊಳಗಣ ಮೃಗವನ್ನು ಅರ್ಧ ದಿನ ಬರೆದು, ಉಳಿದರ್ಧ ದಿನ ಅದನ್ನು ನೋಡಲು ಬಂದ ಮನುಷ್ಯರನ್ನು ಬರೆಯಲಿ! ಮಗನಿಗೆ ಧೈರ್ಯ ಹೇಳುತ್ತ ತಾನೇ ಎರಡು ಹೆಜ್ಜೆ ಹಿಂದೆ ಸರಿಯುವ ತಂದೆ, ಫಲಕದ ಮೇಲಿನ ಮಾತನ್ನು ತನ್ನ ಸ್ವಂತ ವಿದ್ಯೆಯೆಂಬಂತೆ ಗಟ್ಟಿಯಾಗಿ ಹೇಳುವ ಸೋದರಮಾವ, ಬುತ್ತಿಯ ಗಂಟಿನಿಂದ ಕಣ್ಣು ತೆಗೆಯದ ಅಜ್ಜಿ, ಇವರಲ್ಲಿ ಒಬ್ಬೊಬ್ಬರೂ ಒಂದೊಂದು ಚಿತ್ರಕಥೆಯ ನಾಯಕರಾಗಬಲ್ಲರು. ದಾವಣಗೆರೆಯ ಮಾರುಕಟ್ಟೆಯ ಪ್ರಾಂಗಣ, ಬಸ್ಸು ನಿಲ್ದಾಣ, ಬೆಣ್ಣೆದೋಸೆಯ ಹೋಟಲು, ಹರಿಹರದ ಹೊಳೆಯ ದಂಡೆ, ಇವೆಲ್ಲವೂ ಶುಲ್ಕವಿಲ್ಲದ ಪಾಠಶಾಲೆಗಳು. ಉತ್ತರ ಹಿಂದುಸ್ಥಾನದ ಪ್ರಾಣ್ ಅವರು 1971ರಲ್ಲಿ ಸೃಷ್ಟಿಸಿದ ಚಾಚಾ ಚೌಧರಿಯು ಯಾರು? ದಪ್ಪ ಮುಂಡಾಸು, ದಪ್ಪ ಮೀಸೆ, ಕೈಯಲ್ಲೊಂದು ಕೋಲು. ಪ್ರತಿಯೊಂದು ಹಳ್ಳಿಯ ಕಟ್ಟೆಯ ಮೇಲೂ ಕುಳಿತಿರುವ ಹಿರಿಯನೇ ಅವನು. ಎಲ್ಲರೂ ನೋಡಿದವನನ್ನು ಪ್ರಾಣ್ ಕಂಡರು, ಅಷ್ಟೇ ವ್ಯತ್ಯಾಸ.

ಕಂಡುದನ್ನು ಪಾತ್ರವಾಗಿ ಮಾಡುವ ಕ್ರಮವನ್ನು ಒಂದು ದೃಷ್ಟಾಂತದಿಂದ ತೋರಿಸುವೆವು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ಮುದುಕಿಯನ್ನು ಭಾವಿಸಿಕೊಳ್ಳಿರಿ. ಹೊಗೆಗೆ ಒಂದು ಕಣ್ಣು ಸದಾ ಕಿರಿದಾಗಿದೆ. ಹುಬ್ಬಿನ ಮೇಲೆ ಬೂದಿಯ ಪುಡಿ. ಸೆರಗನ್ನು ತಲೆಗೆ ಸುತ್ತಿ ಬಿಗಿದಿದ್ದಾಳೆ. ಕುಳಿತರೆ ಮಂಡಕ್ಕಿಯ ಚೀಲವೊಂದರ ಪಕ್ಕದಲ್ಲಿ ಇನ್ನೊಂದು ಚೀಲವಿಟ್ಟಂತೆ ಕಾಣುವಳು. ಇದು ಹೊರಗಿನ ರೂಪವಾಯಿತು. ಇನ್ನು ಒಳಗಿನದು. ಅವಳಿಗೆ ಬೇಕಾದುದೇನು? ಮೊಮ್ಮಗಳು ಗಟ್ಟಿಯಾಗಿ ಪತ್ರಿಕೆ ಓದುವುದನ್ನು ಕೇಳಬೇಕು. ಅವಳ ದೋಷವೇನು? ಊರಿಗೆಲ್ಲ ಬುದ್ಧಿ ಹೇಳುವಳು, ಯಾರ ಬುದ್ಧಿಯನ್ನೂ ಕೇಳಳು. ಅವಳ ಭಯವೇನು? ತನಗೆ ಅಕ್ಷರ ಬಾರದೆಂಬುದು ಮೊಮ್ಮಗಳಿಗೆ ತಿಳಿದೀತೆಂಬುದು. ಬೇಕು, ದೋಷ, ಭಯ ಈ ಮೂರು ಗೊತ್ತಾದೊಡನೆ ಕಥೆಗಳು ತಾವಾಗಿಯೇ ಹುಟ್ಟುತ್ತವೆ. ಇವು ಗೊತ್ತಿಲ್ಲದೆ ಎಷ್ಟು ಸುಂದರವಾದ ಚಿತ್ರವನ್ನು ಬರೆದರೂ ಅದು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದ ಸೀರೆಯ ಬೊಂಬೆಯಂತೆ ನಿಂತೇ ಇರುವುದು.

ತರುವಾಯ ಕಸುಬಿನ ಪರೀಕ್ಷೆಗಳು. ಆಕೃತಿಯನ್ನೆಲ್ಲ ಮಸಿಯಿಂದ ತುಂಬಿ ನೆರಳಿನಂತೆ ಮಾಡಿದರೂ ಇವಳೇ ಅವಳೆಂದು ಗುರುತು ಸಿಕ್ಕಬೇಕು. ಸಿಕ್ಕದಿದ್ದರೆ ಮತ್ತೆ ಬರೆಯಬೇಕು. ಮುಂದಿನಿಂದ, ಪಕ್ಕದಿಂದ, ಓರೆಯಿಂದ, ಹಿಂದಿನಿಂದ ನೋಡಿದ ನಾಲ್ಕು ರೂಪಗಳನ್ನೂ, ನಗು, ಸಿಟ್ಟು, ಅಂಜಿಕೆ, ಅಳು, ಸುಳ್ಳು ಹೇಳುವಾಗಿನ ಮುಖಗಳನ್ನೂ ಒಂದು ಮಾದರಿಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಜೊತೆಯ ಪಾತ್ರಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಎತ್ತರ ಗಾತ್ರಗಳನ್ನು ಹೋಲಿಸಬೇಕು. ಎಲ್ಲರೂ ಒಂದೇ ಅಚ್ಚಿನವರಾದರೆ ಸಂಸಾರವೇ ಕೂಡದು. ಗುಂಡಾದ ಆಕಾರವು ಸೌಮ್ಯತೆಯನ್ನೂ, ಚೌಕವು ಹಟವನ್ನೂ, ಮೊನಚು ಕುಯುಕ್ತಿಯನ್ನೂ ಸೂಚಿಸುವುದೆಂಬುದು ಸಾಧಾರಣ ನಿಯಮವು. ಅದನ್ನು ಬೇಕೆಂದೇ ಮುರಿದರೆ ಹಾಸ್ಯ ಹುಟ್ಟುವುದು. ದಿನಪತ್ರಿಕೆಗಾದರೆ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಸಲ ಅದೇ ಮುಖವನ್ನು ಬರೆಯಬೇಕಾಗುವುದು. ಆದುದರಿಂದ ಸೀರೆಯ ಅಂಚಿಗೆ ನೂರು ಹೂಗಳನ್ನಿಟ್ಟವನು ಎರಡನೆಯ ವಾರದಲ್ಲಿಯೇ ಪಶ್ಚಾತ್ತಾಪ ಪಡುವನು. ಕಡೆಯದಾಗಿ ಹೆಸರು, ಮಗುವು ಬೀದಿಯ ಈ ತುದಿಯಿಂದ ಆ ತುದಿಗೆ ಕೂಗಬಹುದಾದಂತಿರಬೇಕು. ಬಣ್ಣದ ಕಂಪೆನಿಯೊಂದಕ್ಕೆ ಲಕ್ಷ್ಮಣರು 1954ರಲ್ಲಿ ಬರೆದುಕೊಟ್ಟ ತುಂಟ ಹುಡುಗನಿಗೆ ಸಾರ್ವಜನಿಕ ಸ್ಪರ್ಧೆಯಿಂದ ಬಂದ ‘ಗಟ್ಟು’ ಎಂಬ ಹೆಸರು ಎರಡೇ ಅಕ್ಷರಗಳದ್ದು. ಅದು ದೇಶವೆಲ್ಲ ಹರಡಿತು. ನಮ್ಮ ಮಂಡಕ್ಕಿಯ ಮುದುಕಿಗೆ ಹೆಸರಿಡುವ ಕೆಲಸವನ್ನು ವಾಚಕರ ಮನೆಯ ಮಕ್ಕಳಿಗೆ ಬಿಟ್ಟಿರುವೆವು.

ಇಷ್ಟು ಶ್ರಮವೇಕೆ, ಈಗ ಕೃತಕ ಬುದ್ಧಿಯ ಯಂತ್ರಕ್ಕೆ ಒಂದು ವಾಕ್ಯವನ್ನು ಹೇಳಿದರೆ ನಿಮಿಷದೊಳಗಾಗಿ ಚಿತ್ರ ಬರುವುದಲ್ಲವೇ ಎಂದು ಕೇಳುವವರುಂಟು. ಬರುವುದು ನಿಜ. 2025ರ ಮಾರ್ಚಿಯಲ್ಲಿ ಜಪಾನಿನ ಘಿಬ್ಲಿ ಚಿತ್ರಶಾಲೆಯ ಶೈಲಿಯಲ್ಲಿ ತಮ್ಮ ಮುಖಗಳನ್ನು ಬರೆಸಿಕೊಳ್ಳುವ ಹುಚ್ಚು ಲೋಕವನ್ನೆಲ್ಲ ಹಿಡಿದಿದ್ದುದನ್ನು ನಾವೂ ನೋಡಿದೆವು. ಆ ಶೈಲಿಯನ್ನು ಬೆಳೆಸಲು ಮಿಯಾಜಾಕಿ ಮೊದಲಾದವರು ಹಲವು ದಶಕಗಳ ಕಾಲ ಮೇಜಿನ ಮುಂದೆ ಕುಳಿತಿದ್ದರು. ಅದನ್ನು ಎರವಲು ತೊಟ್ಟವರು ಒಂದು ವಾರ ತೊಟ್ಟು ಬಿಸುಟರು. ಯಂತ್ರವು ತಾನು ಹಿಂದೆ ಕಂಡ ಅಸಂಖ್ಯ ಚಿತ್ರಗಳಿಂದ ಸರಾಸರಿಯೆನ್ನಬಹುದಾದ ಮುಖವೊಂದನ್ನು ಕೊಡಬಲ್ಲುದು. ಅಜ್ಜಿಯೆಂದು ಕೇಳಿದರೆ ಯಾವ ಊರಿಗೂ ಸೇರದ ಅಜ್ಜಿಯೊಬ್ಬಳು ಬರುವಳು. ಮಂಡಕ್ಕಿ ಭಟ್ಟಿಯ ಹೊಗೆಗೆ ಕಿರಿದಾದ ಆ ಒಂದು ಕಣ್ಣು ಬರಬೇಕಾದರೆ ಯಾರಾದರೂ ಮೊದಲು ಆ ಭಟ್ಟಿಯ ಮುಂದೆ ಕುಳಿತು ಅದನ್ನು ಕಂಡಿರಬೇಕು. ಯಂತ್ರವನ್ನು ಉಪಯೋಗಿಸುವವರು ಉಪಯೋಗಿಸಲಿ. ಬಣ್ಣ ತುಂಬಲು, ಅಳತೆ ಸರಿಪಡಿಸಲು ಅದು ಸಹಾಯವಾದೀತು. ಕಾಣುವ ಕೆಲಸವನ್ನು ಮಾತ್ರ ಅದಕ್ಕೆ ಒಪ್ಪಿಸಲಾಗದು.

ಇನ್ನು ಮುಖ್ಯವಾದ ಅಡಚಣೆಗೆ ಬರೋಣ. ಪ್ರತಿಭೆಯಿದೆ, ಪರಂಪರೆಯಿದೆ, ನೋಡಲು ಊರು ತುಂಬ ಮುಖಗಳಿವೆ. ಆದರೂ ಪಾತ್ರಗಳು ಏಕೆ ಹುಟ್ಟುತ್ತಿಲ್ಲ? ಬರೆಯುವವನಿಗೆ ಪತ್ರಿಕೆಯಲ್ಲಿ ಸ್ಥಳವಿಲ್ಲ, ಸ್ಥಳ ಸಿಕ್ಕಿದರೆ ಕೂಲಿಯಿಲ್ಲ, ಕೂಲಿ ಸಿಕ್ಕಿದರೆ ಹಕ್ಕಿಲ್ಲ. ಈ ಅನ್ಯಾಯವು ನಮ್ಮಲ್ಲಿ ಮಾತ್ರ ನಡೆದುದಲ್ಲ. ಅಮೆರಿಕೆಯ ಸೀಗಲ್ ಮತ್ತು ಶುಸ್ಟರ್ ಎಂಬಿಬ್ಬರು ತರುಣರು ತಾವು ಸೃಷ್ಟಿಸಿದ ‘ಸೂಪರ್‌ಮ್ಯಾನ್’ ಪಾತ್ರದ ಸಮಸ್ತ ಹಕ್ಕನ್ನು 1938ರಲ್ಲಿ 130 ಡಾಲರುಗಳಿಗೆ ಬರೆದುಕೊಟ್ಟರು. ಅದರಿಂದ ಕಂಪೆನಿಗೆ ಕೋಟ್ಯಂತರ ಡಾಲರುಗಳ ಸಂಪಾದನೆಯಾಯಿತು. ಹುಟ್ಟಿಸಿದವರು ಬಡತನದಲ್ಲಿ ಮುದುಕರಾದರು. ಲೋಕವು ಛೀ ಎಂದ ಮೇಲೆ 1975ರಲ್ಲಿ ಅವರಿಗೆ ವರ್ಷಾಶನವೂ ಚಿತ್ರದ ಮೇಲೆ ಹೆಸರೂ ದೊರೆತವು. ಆ ಕಾಗದಕ್ಕೆ ರುಜು ಹಾಕಿದ ದಿನ ಅವರಿಬ್ಬರೂ ಇಪ್ಪತ್ತಮೂರರ ಹುಡುಗರೆಂಬುದನ್ನು ನಮ್ಮ ಹುಡುಗರು ನೆನಪಿನಲ್ಲಿಡತಕ್ಕದ್ದು.

ನಮ್ಮ ದೇಶದ ಕಾಯಿದೆಯು ಈ ವಿಷಯದಲ್ಲಿ ತಕ್ಕಮಟ್ಟಿಗೆ ಉದಾರವಾಗಿಯೇ ಇದೆ. ಅದನ್ನು ಬಲ್ಲವರು ಕಡಮೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದರೆ, ಪತ್ರಿಕೆಯ ನೌಕರಿಯಲ್ಲಿರುವ ಚಿತ್ರಕಾರನು ಪತ್ರಿಕೆಗಾಗಿ ಬರೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಪತ್ರಿಕೆಯ ಒಡೆಯನದು; ಉಳಿದ ವಿಷಯಗಳಲ್ಲೆಲ್ಲ ಚಿತ್ರಕಾರನೇ ಮೊದಲ ಸ್ವಾಮಿಯು. ಪುಸ್ತಕವಾದರೆ, ಬೊಂಬೆಯಾದರೆ ಅವನನ್ನು ಕೇಳಲೇಬೇಕು. ನೌಕರಿಯಲ್ಲಿಲ್ಲದೆ ತಾನಾಗಿ ಬರೆದು ಕಳುಹಿಸಿದವನ ಹಕ್ಕು, ಅವನು ರುಜುಮಾಡಿ ಬರೆದುಕೊಡದ ಹೊರತು, ಇನ್ನೊಬ್ಬರದಾಗದು. ಹಾಗೆ ಬರೆದುಕೊಟ್ಟ ಕಾಗದದಲ್ಲಿ ಅವಧಿಯನ್ನು ಹೇಳಿರದಿದ್ದರೆ ಐದು ವರ್ಷಗಳೆಂದೂ, ಪ್ರದೇಶವನ್ನು ಹೇಳಿರದಿದ್ದರೆ ಭಾರತದೊಳಗೆ ಮಾತ್ರವೆಂದೂ 19ನೆಯ ಪ್ರಕರಣವು ತಿಳಿಯಹೇಳುತ್ತದೆ. ಕೃತಿಯ ಮೇಲೆ ತನ್ನ ಹೆಸರಿರಬೇಕೆಂದು ಕೇಳುವ ಹಕ್ಕು, ಉಳಿದುದನ್ನೆಲ್ಲ ಮಾರಿದ ಮೇಲೆಯೂ, 57ನೆಯ ಪ್ರಕರಣದಂತೆ ಅವನಲ್ಲಿಯೇ ಉಳಿಯುವುದು. ಸ್ವಾಮ್ಯವು ಕರ್ತೃವಿನ ಜೀವಿತಕಾಲಕ್ಕೂ ಅವನ ತರುವಾಯ 60 ವರ್ಷಗಳಿಗೂ ಸಲ್ಲುತ್ತದೆ. ನೋಂದಣಿಯು ಕಡ್ಡಾಯವಲ್ಲ, ಮಾಡಿಸುವುದಾದರೆ 2013ರ ನಿಯಮಗಳಲ್ಲಿ ಕಲಾಕೃತಿಯೊಂದಕ್ಕೆ 500 ರೂಪಾಯಿಗಳ ಶುಲ್ಕವನ್ನು, ಸರಕಿನ ಮೇಲೆ ಬಳಸುವ ಕೃತಿಗಾದರೆ 2,000 ರೂಪಾಯಿಗಳನ್ನು ಗೊತ್ತುಮಾಡಿದೆ. ಹಣ ಕೊಟ್ಟು ಹೇಳಿ ಬರೆಸಿದ ಚಿತ್ರಗಳ ವಿಷಯದಲ್ಲಿ ನಿಯಮವು ಬೇರೆಯಾಗಬಹುದಾದುದರಿಂದ ಅಂಥಲ್ಲಿ ಕರಾರು ಬರಹದಲ್ಲಿಯೇ ಇರತಕ್ಕದ್ದು. ಈ ಮಾತುಗಳನ್ನು ಪತ್ರಿಕೆಯ ಒಡೆತನದ ಕಡೆಯಿಂದ ಹೇಳುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಬಾವಿಗೆ ಹಗ್ಗ ಹಾಕದೆ ನೀರು ಬೇಡುವುದು ನಮಗೆ ಅದಕ್ಕಿಂತ ವಿಚಿತ್ರವಾಗಿ ತೋರುತ್ತದೆ.

ಆದುದರಿಂದ ನಮ್ಮ ಸೂಚನೆಗಳು ಇವು. ದಾವಣಗೆರೆಯಲ್ಲಿ 1964ರಲ್ಲಿ ಸ್ಥಾಪಿತವಾಗಿ ಈಗ ದಾವಣಗೆರೆ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿರುವ ದೃಶ್ಯಕಲಾ ಮಹಾವಿದ್ಯಾಲಯವು ಈ ಸೀಮೆಯ ಭಾಗ್ಯವು. ಅಲ್ಲಿಯ ಅಧ್ಯಾಪಕರು ಚಿತ್ರಕಥೆಯ ಪಾತ್ರನಿರ್ಮಾಣವನ್ನು ಗೌರವದ ವಿಷಯವಾಗಿ ಬೆಳೆಸಿ, ಕೃತಿಸ್ವಾಮ್ಯದ ಕಾಯಿದೆಯನ್ನೂ ಅದರ ಜೊತೆಗೆ ಕಲಿಸಲಿ. ತೊಗಲುಗೊಂಬೆಯ ಕಲಾವಿದರನ್ನು ಕರೆಸಿ ವಿದ್ಯಾರ್ಥಿಗಳೆದುರು ಚರ್ಮ ಕೊರೆಯಿಸಲಿ. ಕನ್ನಡದ ಪತ್ರಿಕೆಗಳು ವಾರಕ್ಕೆ ಕಾಲುಪುಟವನ್ನಾದರೂ ಹೊಸ ಪಾತ್ರವೊಂದಕ್ಕೆ ಕೊಟ್ಟು, ಒಂದು ವರ್ಷದ ವರೆಗೆ ಅದನ್ನು ಕದಲಿಸದಿರಲಿ. ಶ್ರೀಸಾಮಾನ್ಯನೂ ಒಂದೇ ವಾರದಲ್ಲಿ ಜನರಿಗೆ ಬಳಕೆಯಾದವನಲ್ಲ. ಚಿತ್ರದ ಕೆಳಗೆ ಬರೆದವರ ಹೆಸರಿರಲಿ, ತಿಂಗಳ ಕೊನೆಗೆ ಅವರ ಕೈಗೆ ಹಣ ಮುಟ್ಟಲಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು ಮಕ್ಕಳು ಬರೆದ ಪಾತ್ರಗಳನ್ನು ಗೋಡೆಗೆ ತೂಗುಹಾಕಲು ಒಂದು ಮೂಲೆಯನ್ನು ಬಿಡಲಿ. ದಾವಣಗೆರೆಯ ವರ್ತಕರು ತಮ್ಮ ಪೊಟ್ಟಣಗಳ ಮೇಲೆ ಹೊರಗಿನ ಮುಖವನ್ನು ಕದ್ದು ಅಚ್ಚುಹಾಕಿಸುವುದಕ್ಕೆ ಬದಲಾಗಿ ಊರಿನ ಕಲಾವಿದನೊಬ್ಬನಿಂದ ಕರಾರಿನ ಮೇಲೆ ಒಂದು ಮುಖವನ್ನು ಬರೆಸಿಕೊಳ್ಳಲಿ. ಒಳ್ಳೆಯ ಮುಖವು ಒಳ್ಳೆಯ ಸರಕನ್ನು ಎಷ್ಟು ದೂರ ಒಯ್ಯುವುದೆಂಬುದಕ್ಕೆ ಗಟ್ಟುವೇ ಸಾಕ್ಷಿ.

ತಂದೆತಾಯಿಗಳಿಗೂ ಒಂದು ಮಾತು. ಲೆಕ್ಕದ ಪುಸ್ತಕದ ಅಂಚಿನಲ್ಲಿ ಮಗುವು ಮೇಷ್ಟರ ಮೂಗನ್ನು ಬರೆದಿದ್ದರೆ ಬೈಯುವುದಕ್ಕೆ ಮೊದಲು ಆ ಮೂಗು ಮೇಷ್ಟರದೇ ಎಂದು ಗುರುತು ಸಿಕ್ಕುವುದೋ ಇಲ್ಲವೋ ನೋಡಿರಿ. ಸಿಕ್ಕಿದರೆ ಲೆಕ್ಕವನ್ನು ತಿದ್ದಿಸಿ, ಬೇರೊಂದು ಬಿಳಿಯ ಪುಸ್ತಕವನ್ನು ಕೊಡಿಸಿರಿ. ಆ ಪುಸ್ತಕದ ಬೆಲೆ ಹೆಚ್ಚೇನೂ ಇಲ್ಲ. ಅದರಿಂದ ಹುಟ್ಟುವ ಮುಖವು ಮುಂದೊಂದು ದಿನ ಆನಗೋಡಿನ ಮಕ್ಕಳ ಬೆನ್ನ ಮೇಲೆ ಮಾತ್ರವಲ್ಲ, ಜಪಾನಿನ ಮಕ್ಕಳ ಬೆನ್ನ ಮೇಲೆಯೂ ಕುಳಿತು ಶಾಲೆಗೆ ಹೋಗಬಾರದೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ.